ಸೀಸನ್ ನಡುವೆ ಬಂದವರು, ಬಿಟ್ಟುಹೋದವರು

(ರಾಬರ್ಟ್‌ಸನ್‌ಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯ, ಶಾಸನ, ವಚನ, ದಾಸರ ಪದ ಎಂಬ ರೂಢಿ ನಮ್ಮಲ್ಲಿದೆ. ಈ ದತ್ತಿಯವರು ಆಟದ ಬಗ್ಗೆ ಮಾತನಾಡಿ ಎಂದು ಕೇಳಿದಾಗ ನನಗೆ ತುಂಬಾ ಸಂತೋಷವಾಯಿತು. ಈ ಊರಿಗೆ ಆ ವಿಷಯ ಒಪ್ಪುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಓಡಿದ, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಈ ಕೋಲಾರದ ನೆಲದವರು. ಒಬ್ಬಂಟಿಯಾಗಿ ನೂರು ಮೀಟರ್ ಓಡಿದ ಅವರು ಅದೇ ಕೂಟದಲ್ಲಿ ನಾಲ್ವರ ರಿಲೇಯಲ್ಲೂ ಓಡಿದರು. ಮೊದಲನೆಯದಕ್ಕೆ ಸ್ವಂತ ಕಾಲು ಸಾಕು. ಎರಡನೆಯದಕ್ಕೆ ಹಿಂದಿನಿಂದ ಬರುವವನ ಕೈಯ ಮೇಲೂ ಭರವಸೆ ಇರಬೇಕು. ನನ್ನ ಇಂದಿನ ಮಾತು ಆ ಭರವಸೆಯನ್ನು ಕುರಿತದ್ದು.

ವಿಷಯ ಇದು: ಒಂದು ತಂಡ ಸೀಸನ್ ನಡುವೆ ತನ್ನ ಆಟಗಾರನೊಬ್ಬನನ್ನು ಕೊಟ್ಟು ಇನ್ನೊಂದು ತಂಡದ ಆಟಗಾರನನ್ನು ತಂದುಕೊಂಡರೆ ಆ ತಂಡದ ಹೊಂದಾಣಿಕೆಗೆ, ಆಟಕ್ಕೆ ಏನಾಗುತ್ತದೆ? ಬಾಸ್ಕೆಟ್‌ಬಾಲ್‌ನಲ್ಲಿ ಇದಕ್ಕೆ ಟ್ರೇಡ್ ಎನ್ನುತ್ತಾರೆ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಪ್ರತಿ ತಂಡ ಒಂದು ಸೀಸನ್‌ಗೆ 82 ಪಂದ್ಯ ಆಡುತ್ತದೆ. ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ಲೀಗ್ ಹಂತ, ಅದಾದ ಮೇಲೆ ಪ್ಲೇಆಫ್. ಟ್ರೇಡಿಗೆ ಕೊನೆಯ ಗಡುವು ಫೆಬ್ರುವರಿಯಲ್ಲಿ ಬೀಳುತ್ತದೆ. ಅಷ್ಟು ಹೊತ್ತಿಗೆ ಸುಮಾರು ಐವತ್ತು ಪಂದ್ಯ ಮುಗಿದಿರುತ್ತವೆ, ಮೂವತ್ತರಷ್ಟು ಉಳಿದಿರುತ್ತವೆ. ಹೊಸಬನನ್ನು ಆ ಮೂವತ್ತರೊಳಗೆ ತಮ್ಮವನನ್ನಾಗಿ ಮಾಡಿಕೊಳ್ಳಬೇಕು.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಆಟಗಾರನ ಪ್ರತಿಭೆ ಅವನು ಬಂದ ದಿನವೇ ತಂಡಕ್ಕೆ ಸಿಗುತ್ತದೆ. ಹೊಂದಾಣಿಕೆ ಹಾಗೆ ಸಿಗುವುದಿಲ್ಲ. ಅವನಿಗಾಗಿ ಖಾಲಿ ಜಾಗವೊಂದು ಕಾಯುತ್ತಿದ್ದರೆ ಅದು ಬೇಗ ಬರುತ್ತದೆ. ಇನ್ನೊಬ್ಬರ ಕೆಲಸ ಕಿತ್ತು ಅವನಿಗೆ ಕೊಟ್ಟರೆ ತಡವಾಗಿ ಬರುತ್ತದೆ. ತಂಡದ ಆಟವೆಲ್ಲ ಯಾರ ಕೈಯಿಂದ ಹೊರಡುತ್ತಿತ್ತೋ ಅವನನ್ನೇ ಕಳುಹಿಸಿಬಿಟ್ಟರೆ ಆ ಸೀಸನ್‌ನಲ್ಲಿ ಬರುವುದೇ ಇಲ್ಲ. ಹಾಗಾಗಿ ಬದಲಾವಣೆಗೆ ಕೂತವರು ಬರುವವನ ಗುಣ ಎಣಿಸುವ ಮೊದಲು ಹೋಗುವವನು ಏನೇನು ಮಾಡುತ್ತಿದ್ದ ಎಂಬುದನ್ನು ಎಣಿಸಬೇಕು.

ನಮ್ಮ ಮನೆಯ ತಂಡದಿಂದ ಆರಂಭ

ಬಾಸ್ಕೆಟ್‌ಬಾಲ್‌ಗೆ ಹೋಗುವ ಮುಂಚೆ ನಮ್ಮೆಲ್ಲರಿಗೂ ಗೊತ್ತಿರುವ ತಂಡದಿಂದ ಆರಂಭಿಸೋಣ. 2011ರ ಐಪಿಎಲ್. ಡೇನಿಯಲ್ ವೆಟೋರಿ ನಾಯಕತ್ವದ ನಮ್ಮ ಆರ್‌ಸಿಬಿ ಮೊದಲ ಪಂದ್ಯ ಗೆದ್ದು, ಆಮೇಲೆ ಸಾಲಾಗಿ ಸೋತಿತ್ತು. ವೇಗದ ಬೌಲರ್ ಡರ್ಕ್ ನ್ಯಾನೆಸ್ ಗಾಯಗೊಂಡರು. ಅವರ ಬದಲಿಗೆ ಕರೆಸಿದ್ದು ಆ ವರ್ಷದ ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ಕ್ರಿಸ್ ಗೇಲ್ ಅವರನ್ನು. ಏಪ್ರಿಲ್ 22ರಂದು ಈಡನ್ ಗಾರ್ಡನ್ಸ್‌ನಲ್ಲಿ, ತಮ್ಮನ್ನು ಕೈಬಿಟ್ಟಿದ್ದ ಕೋಲ್ಕತ್ತ ತಂಡದ ಎದುರೇ, ಗೇಲ್ 55 ಎಸೆತಗಳಲ್ಲಿ ಅಜೇಯ 102 ಹೊಡೆದರು. ಅಲ್ಲಿಂದ ತಂಡ ಸತತವಾಗಿ ಗೆಲ್ಲುತ್ತಾ ಹೋಗಿ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನಡುವೆ ಬಂದ ಗೇಲ್ 12 ಪಂದ್ಯಗಳಲ್ಲಿ 608 ರನ್ ಗಳಿಸಿ ಆ ಸೀಸನ್‌ನ ಅತಿ ಹೆಚ್ಚು ರನ್ ಹೊಡೆದವರಾದರು.

ಇದನ್ನು ನೋಡಿದವರಿಗೆ ಸೀಸನ್ ನಡುವೆ ಒಬ್ಬ ಒಳ್ಳೆಯ ಆಟಗಾರನನ್ನು ತಂದರೆ ಸಾಕು, ತಂಡ ತಾನಾಗಿ ಮೇಲೇಳುತ್ತದೆ ಎನಿಸುವುದು ಸಹಜ. ಆದರೆ ಮೇ 28ರ ಫೈನಲ್ ನೆನಪಿಸಿಕೊಳ್ಳಿ. ಚೆನ್ನೈನಲ್ಲಿ ಮೊದಲ ಓವರ್‌ನಲ್ಲೇ ಅಶ್ವಿನ್ ಬೌಲಿಂಗ್‌ಗೆ ಗೇಲ್ ಸೊನ್ನೆಗೆ ಔಟಾದರು. ತಂಡ 58 ರನ್‌ಗಳಿಂದ ಸೋತಿತು. ನಡುವೆ ಬಂದ ಒಬ್ಬನ ಮೇಲೆ ತಂಡ ಎಷ್ಟು ಒರಗಿಕೊಂಡಿತ್ತು ಎಂಬುದು ಅವನ ರನ್ ಇಲ್ಲದ ಆ ಸಂಜೆ ಗೊತ್ತಾಯಿತು.

ಕ್ರಿಕೆಟ್‌ನಲ್ಲಿ ಒಬ್ಬನ ಪ್ರತಿಭೆ ಅಷ್ಟು ಬೇಗ ಫಲ ಕೊಡುವುದಕ್ಕೆ ಆ ಆಟದ ಸ್ವಭಾವವೇ ಕಾರಣ. ಬ್ಯಾಟ್ಸ್‌ಮನ್ ಕ್ರೀಸ್‌ನಲ್ಲಿ ಚೆಂಡನ್ನು ಎದುರಿಸುವಾಗ ಒಬ್ಬನೇ. ಆ ಹೊಡೆತಕ್ಕೆ ಜೊತೆಗಾರನ ಒಪ್ಪಿಗೆ ಬೇಕಿಲ್ಲ, ಓಟಕ್ಕೆ ಮಾತ್ರ ಬೇಕು. ಆದರೂ ಕ್ರಿಕೆಟ್‌ನಲ್ಲಿಯೂ ಒಳಗಿನ ಜಾಗಗಳು ಕಲಕಿದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಮುಂಬೈ ತಂಡ ಕಂಡಿತು. ಸೀಸನ್‌ಗೆ ಮೊದಲೇ ಟ್ರೇಡ್ ಮೂಲಕ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮರಳಿ ಬಂದರು. ಐದು ಪ್ರಶಸ್ತಿ ಗೆದ್ದುಕೊಟ್ಟಿದ್ದ ರೋಹಿತ್ ಶರ್ಮಾ ಅವರಿಂದ ನಾಯಕತ್ವ ತೆಗೆದು ಹಾರ್ದಿಕ್ ಅವರಿಗೆ ಕೊಟ್ಟರು. ತಮ್ಮದೇ ವಾಂಖೆಡೆಯಲ್ಲಿ ತಮ್ಮದೇ ನಾಯಕನನ್ನು ಜನ ಹೀಯಾಳಿಸಿ ಕೂಗಿದರು. ಹಾರ್ದಿಕ್ ಗುಜರಾತ್‌ಗೆ 2022ರಲ್ಲಿ ಪ್ರಶಸ್ತಿ ತಂದವರು, ಅವರ ಯೋಗ್ಯತೆಯಲ್ಲಿ ಕೊರತೆ ಇರಲಿಲ್ಲ. ಆದರೂ 14 ಪಂದ್ಯಗಳಲ್ಲಿ ನಾಲ್ಕೇ ಗೆದ್ದು ಮುಂಬೈ ಕೊನೆಯ ಸ್ಥಾನಕ್ಕೆ ಇಳಿಯಿತು.

ಅದೇ ವರ್ಷ ನಮ್ಮ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಒಂದೇ ಗೆದ್ದಿತ್ತು. ಆ ಕಷ್ಟದ ನಡುವೆ ಗ್ಲೆನ್ ಮ್ಯಾಕ್ಸ್‌ವೆಲ್ ತಾವೇ ನಾಯಕ ಫಾಫ್ ಡು ಪ್ಲೆಸಿ ಬಳಿ ಹೋಗಿ, ನನ್ನ ಬದಲು ಬೇರೆಯವರನ್ನು ಆಡಿಸಿ ಎಂದರು. ಅದಾದ ಮೇಲೆ ವಿಲ್ ಜ್ಯಾಕ್ಸ್ ಏಪ್ರಿಲ್ 28ರಂದು ಅಹಮದಾಬಾದ್‌ನಲ್ಲಿ 41 ಎಸೆತಗಳಲ್ಲಿ ನೂರು ಹೊಡೆದರು. ತಂಡ ಸತತ ಆರು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಹೊರಗಿನಿಂದ ಯಾರನ್ನೂ ಕೊಳ್ಳದೆ, ಇದ್ದವರೊಳಗೇ ಜಾಗ ಬದಲಾಯಿತು. ಆ ಬದಲಾವಣೆಯನ್ನು ಜಾಗ ಬಿಡುವವನೇ ಬಾಯಿಬಿಟ್ಟು ಕೇಳಿದ್ದ. ಹಾಗಾಗಿ ಡ್ರೆಸ್ಸಿಂಗ್ ರೂಮಿನಲ್ಲಿ ಯಾರಿಗೂ ಯಾರ ಮೇಲೂ ಮುನಿಸಿಗೆ ಕಾರಣ ಉಳಿಯಲಿಲ್ಲ. ಆ ಆರು ಗೆಲುವುಗಳಲ್ಲಿ ಇದಕ್ಕೂ ಒಂದು ಪಾಲು ಇದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮರು ವರ್ಷ, 2025ರಲ್ಲಿ, ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಆರ್‌ಸಿಬಿ ಕರೆದದ್ದು ಮಯಂಕ್ ಅಗರ್‌ವಾಲ್ ಅವರನ್ನು. ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ, ಹತ್ತು ವರ್ಷಕ್ಕೂ ಹಿಂದೆ ಇದೇ ತಂಡದಲ್ಲಿ ಆಡಿದ್ದ, ಕರ್ನಾಟಕದ ಆಟಗಾರ. ಅವರು ತುಂಬಬೇಕಿದ್ದ ಜಾಗ ಖಾಲಿಯಾಗಿತ್ತು, ಮಾಡಬೇಕಾದ ಕೆಲಸ ಸ್ಪಷ್ಟವಾಗಿತ್ತು. ಮೇ 27ರಂದು ಲಖನೌದಲ್ಲಿ 228 ರನ್‌ಗಳ ಗುರಿ ಬೆನ್ನಟ್ಟುವಾಗ ಜಿತೇಶ್ ಶರ್ಮಾ 33 ಎಸೆತಗಳಲ್ಲಿ ಅಜೇಯ 85 ಹೊಡೆದದ್ದನ್ನು ಎಲ್ಲರೂ ಕೊಂಡಾಡುತ್ತೇವೆ. ಇನ್ನೊಂದು ತುದಿಯಲ್ಲಿ 23 ಎಸೆತಗಳಲ್ಲಿ 41 ಗಳಿಸಿ ಔಟಾಗದೆ ನಿಂತವರು ಮಯಂಕ್. ಜೂನ್ 3ರಂದು ತಂಡ ಪಂಜಾಬ್ ಅನ್ನು ಆರು ರನ್‌ಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು. ಆ ಮನೆಗಳ ದುಃಖವನ್ನು ನೆನೆಯದೆ ಆ ಗೆಲುವಿನ ಮಾತು ಆಡಲು ನನಗೆ ಮನಸ್ಸು ಬಾರದು.

ಐವರು, ಒಂದು ಚೆಂಡು

ಈಗ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಬರೋಣ. 28 ಮೀಟರ್ ಉದ್ದ, 15 ಮೀಟರ್ ಅಗಲ. ಒಂದು ಕಡೆಗೆ ಐದೇ ಜನ. ಚೆಂಡು ಕೈಗೆ ಬಂದ ಮೇಲೆ ಬುಟ್ಟಿಗೆ ಎಸೆಯಲು 24 ಸೆಕೆಂಡ್. ಈ ಮೂರು ಅಳತೆ ಸೇರಿದರೆ ಒಂದು ವಿಷಯ ತಾನಾಗಿ ತಿಳಿಯುತ್ತದೆ. ಇಲ್ಲಿ ಯಾರೂ ಒಬ್ಬರೇ ಆಡಲಾರರು, ಯಾರಿಗೂ ನಿಂತು ಯೋಚಿಸಲು ಸಮಯವಿಲ್ಲ, ಒಬ್ಬ ಬದಲಾದರೆ ತಂಡದ ಐದನೇ ಒಂದು ಭಾಗವೇ ಬದಲಾದಂತೆ.

ಚೆಂಡನ್ನು ಜೊತೆಗಾರ ಈಗ ಇರುವ ಕಡೆಗೆ ಎಸೆದರೆ ಎದುರಾಳಿ ಅಡ್ಡ ಬಂದು ಕಸಿದುಕೊಳ್ಳುತ್ತಾನೆ. ಅವನು ಇನ್ನು ಅರ್ಧ ಸೆಕೆಂಡಿನಲ್ಲಿ ಎಲ್ಲಿರುತ್ತಾನೋ ಅಲ್ಲಿಗೆ ಎಸೆಯಬೇಕು. ಅವನು ಅಲ್ಲಿಗೆ ಬಂದೇ ಬರುತ್ತಾನೆ ಎಂಬ ಖಾತ್ರಿ ಬೇಕು. ಈ ಊರಿನ ಹಿರಿಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಕೆಜಿಎಫ್‌ನ ಚಿನ್ನದ ಗಣಿಯ ಶಾಫ್ಟ್‌ನಲ್ಲಿ ಪಂಜರ ಇಳಿಸಿ ಏರಿಸುತ್ತಿದ್ದ ವೈಂಡಿಂಗ್ ಎಂಜಿನ್ ಚಾಲಕನಿಗೆ ಕೆಳಗಿನ ಪಂಜರ ಕಾಣುತ್ತಿರಲಿಲ್ಲ. ಎಷ್ಟು ಗಂಟೆ ಬಾರಿಸಿತು ಎಂಬುದನ್ನು ಕೇಳಿ ಅವನು ಯಂತ್ರ ತಿರುಗಿಸುತ್ತಿದ್ದ. ಗಂಟೆ ಬಾರಿಸುವವನೂ ಯಂತ್ರ ತಿರುಗಿಸುವವನೂ ಒಂದೇ ಸಂಕೇತ ಬಲ್ಲವರಾಗಿದ್ದರಿಂದ ನೂರಾರು ಜನರ ಜೀವ ಉಳಿಯುತ್ತಿತ್ತು. ಬಾಸ್ಕೆಟ್‌ಬಾಲ್ ತಂಡದ ಹೊಂದಾಣಿಕೆ ಎನ್ನುವುದು ಇದೇ ಬಗೆಯ, ಅಭ್ಯಾಸದಿಂದ ಮಾತ್ರ ಬರುವ ಸಂಕೇತಗಳ ಅರಿವು.

ರಕ್ಷಣೆಯ ಆಟದಲ್ಲಿ ಇದು ಇನ್ನೂ ಹೆಚ್ಚು. ಎದುರಾಳಿ ಸ್ಕ್ರೀನ್ ಹಾಕಲು, ಅಂದರೆ ಅಡ್ಡ ನಿಂತು ದಾರಿ ತಡೆಯಲು, ಬಂದರೆ ಹಿಂದಿನವನು ಕೂಗಿ ಹೇಳಬೇಕು. ಎಡಕ್ಕೋ ಬಲಕ್ಕೋ, ಅದಲು ಬದಲು ಆಗಬೇಕೋ ಅಥವಾ ತನ್ನವನ ಬೆನ್ನು ಬಿಡದೆ ಹೋಗಬೇಕೋ ಎಂದು ಅರೆಕ್ಷಣದಲ್ಲಿ ತಿಳಿಸಬೇಕು. ನಮ್ಮ ಈ ಊರಿನ ಮಕ್ಕಳು ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಬೆರೆಸಿ ಅಂಕಣದಲ್ಲಿ ಕೂಗಾಡುವುದನ್ನು ಕೇಳಿದರೆ ನನಗೆ ಹೆಮ್ಮೆ ಎನಿಸುತ್ತದೆ. ಯಾವ ಭಾಷೆಯಲ್ಲಿ ಕೂಗಿದರೂ ಒಡನೆ ಸರಿಯಾದ ಜಾಗಕ್ಕೆ ಜಿಗಿಯುತ್ತಾರೆ, ಏಕೆಂದರೆ ಒಟ್ಟಿಗೆ ಬೆಳೆದಿದ್ದಾರೆ. ಸೀಸನ್ ನಡುವೆ ಬಂದವನಿಗೆ ಆ ಕೂಗು ಕೇಳಿಸುತ್ತದೆ, ಆದರೆ ಕಾಲು ಚಲಿಸುವುದು ಒಂದು ಹೆಜ್ಜೆ ತಡ. ಆ ಒಂದು ಹೆಜ್ಜೆಯಲ್ಲಿ ಎದುರಾಳಿ ಬುಟ್ಟಿ ಮುಟ್ಟಿರುತ್ತಾನೆ.

ತಪ್ಪು ತಿದ್ದಿಕೊಳ್ಳಲು ಅಭ್ಯಾಸ ಬೇಕು, ಅಭ್ಯಾಸಕ್ಕೆ ದಿನ ಬೇಕು. ಎನ್‌ಬಿಎಯಲ್ಲಿ ಸೀಸನ್ ನಡುವೆ ಅದೇ ಸಿಗುವುದಿಲ್ಲ. ಇಂದು ಒಂದು ನಗರ, ನಾಳಿದ್ದು ಇನ್ನೊಂದು ನಗರ, ನಡುವೆ ವಿಮಾನ. ಹೊಸಬ ವಿಡಿಯೊ ನೋಡಿ, ಬೆಳಿಗ್ಗೆ ನಡಿಗೆಯ ವೇಗದಲ್ಲಿ ಚಲನೆ ಕಲಿತು, ಸಂಜೆ ಸಾವಿರಾರು ಜನರೆದುರು ಆಡಬೇಕು. ಅಂದರೆ ಅವನ ಅಭ್ಯಾಸವೂ ಪಂದ್ಯದಲ್ಲೇ ನಡೆಯುತ್ತದೆ, ಅಭ್ಯಾಸದ ತಪ್ಪುಗಳು ಸೋಲಾಗಿ ದಾಖಲಾಗುತ್ತವೆ.

ನಾಲ್ಕು ಟ್ರೇಡ್‌ಗಳು

ಖಾಲಿ ಜಾಗ ತುಂಬಿದ ಟ್ರೇಡ್‌ಗೆ ಒಳ್ಳೆಯ ಉದಾಹರಣೆ 2004ರ ಡೆಟ್ರಾಯಿಟ್ ಪಿಸ್ಟನ್ಸ್. ಲ್ಯಾರಿ ಬ್ರೌನ್ ಕೋಚ್. ಚೌನ್ಸಿ ಬಿಲಪ್ಸ್, ರಿಚರ್ಡ್ ಹ್ಯಾಮಿಲ್ಟನ್, ಟೇಶಾನ್ ಪ್ರಿನ್ಸ್, ಬೆನ್ ವ್ಯಾಲೇಸ್ ಎಂಬ ನಾಲ್ವರು ಗಟ್ಟಿಯಾಗಿ ನೆಲೆ ನಿಂತಿದ್ದರು. ಐದನೆಯ ಜಾಗಕ್ಕೆ, ಬೆನ್ ಪಕ್ಕದಲ್ಲಿ ನಿಂತು ಕಾಯುವ, ದೂರದಿಂದಲೂ ಬುಟ್ಟಿಗೆ ಹಾಕಬಲ್ಲ ಎತ್ತರದ ಆಟಗಾರ ಬೇಕಿತ್ತು. ರಶೀದ್ ವ್ಯಾಲೇಸ್ ಆ ಫೆಬ್ರುವರಿಯಲ್ಲಿ ಪೋರ್ಟ್‌ಲ್ಯಾಂಡ್‌ನಿಂದ ಅಟ್ಲಾಂಟಾಕ್ಕೆ ಹೋಗಿ, ಅಲ್ಲಿ ಒಂದೇ ಒಂದು ಪಂದ್ಯ ಆಡಿ, ಡೆಟ್ರಾಯಿಟ್ ಸೇರಿದರು. ಪೋರ್ಟ್‌ಲ್ಯಾಂಡ್‌ನಲ್ಲಿ ಸಿಡುಕಿನವನೆಂದು ಹೆಸರಾಗಿದ್ದವರು ಇಲ್ಲಿ ಉಳಿದ ನಾಲ್ವರ ಕೆಲಸಕ್ಕೆ ಕೈ ಹಾಕದೆ ತಮ್ಮ ಜಾಗದಲ್ಲಿ ನಿಂತರು. ಜೂನ್‌ನಲ್ಲಿ ಕೋಬಿ ಬ್ರಯಂಟ್, ಶಕೀಲ್ ಒನೀಲ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಇದ್ದ ಲೇಕರ್ಸ್ ತಂಡವನ್ನು ಡೆಟ್ರಾಯಿಟ್ 4–1ರಿಂದ ಸೋಲಿಸಿತು. ಹೆಸರುಗಳ ಪಟ್ಟಿ ನೋಡಿದರೆ ಲೇಕರ್ಸ್ ದೊಡ್ಡದು. ಆದರೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಎಂಬ ಸ್ಪಷ್ಟತೆ ಡೆಟ್ರಾಯಿಟ್‌ನಲ್ಲಿತ್ತು.

ಎರಡನೆಯದು ತಾಳ್ಮೆಯ ಪಾಠ. 1994ರಲ್ಲಿ ಪ್ರಶಸ್ತಿ ಗೆದ್ದಿದ್ದ ಹ್ಯೂಸ್ಟನ್ ರಾಕೆಟ್ಸ್ ಮರುವರ್ಷದ ಫೆಬ್ರುವರಿ 14ರಂದು, ಆ ಗೆಲುವಿನಲ್ಲಿ ಪಾಲಿದ್ದ ಓಟಿಸ್ ಥಾರ್ಪ್ ಅವರನ್ನು ಕೊಟ್ಟು ಕ್ಲೈಡ್ ಡ್ರೆಕ್ಸ್‌ಲರ್ ಅವರನ್ನು ತಂದಿತು. ಆ ಹೊತ್ತಿಗೆ ತಂಡ 30 ಗೆದ್ದು 17 ಸೋತಿತ್ತು. ಡ್ರೆಕ್ಸ್‌ಲರ್ ಬಂದ ಮೇಲೆ 17 ಗೆದ್ದು 18 ಸೋತಿತು. ಅಷ್ಟು ದೊಡ್ಡ ಆಟಗಾರ ಬಂದ ಮೇಲೆ ತಂಡ ಕೆಳಗಿಳಿಯಿತು! ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು (ರಿಬೌಂಡ್) ಹಿಡಿಯುತ್ತಿದ್ದ ಥಾರ್ಪ್ ಇಲ್ಲದೆ ಎಲ್ಲರ ಜಾಗವೂ ಕದಲಿತ್ತು, ರಾಬರ್ಟ್ ಹಾರಿ ಹೊಸ ಸ್ಥಾನ ಕಲಿಯಬೇಕಾಯಿತು. ಕೋಚ್ ರೂಡಿ ಟಾಮ್ಜಾನೊವಿಚ್ ಹೆದರಿ ಮತ್ತೆ ಎಲ್ಲವನ್ನೂ ಕಲಕಲಿಲ್ಲ. ಇನ್ನೊಂದು ಆಸರೆಯೂ ಇತ್ತು. ತಂಡದ ಕೇಂದ್ರವಾಗಿದ್ದ ಹಕೀಮ್ ಒಲಾಜುವಾನ್ ಮತ್ತು ಡ್ರೆಕ್ಸ್‌ಲರ್ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಆಡಿದ್ದವರು. ಆರನೇ ಶ್ರೇಯಾಂಕದೊಡನೆ ಪ್ಲೇಆಫ್ ಸೇರಿದ ತಂಡ ಯೂಟಾವನ್ನು ದಾಟಿ, ಫೀನಿಕ್ಸ್ ಎದುರು 1–3ರಿಂದ ಹಿಂದೆ ಬಿದ್ದು ಎದ್ದು, ಸ್ಯಾನ್ ಆಂಟೋನಿಯೊವನ್ನು ಮಣಿಸಿ, ಫೈನಲ್‌ನಲ್ಲಿ ಒರ್ಲಾಂಡೊವನ್ನು 4–0ಯಿಂದ ಸೋಲಿಸಿತು. ಮಾರ್ಚ್ ತಿಂಗಳಲ್ಲಿ ಅಂಕಪಟ್ಟಿ ನೋಡಿ ತೀರ್ಪು ಕೊಟ್ಟವರಿಗೆ ಜೂನ್‌ನ ಉತ್ತರ ಅದು.

ಮೂರನೆಯದು ಕಾಣದ ಕೆಲಸದ ಕಥೆ. 2011ರ ಫೆಬ್ರುವರಿ 24ರಂದು ಬೋಸ್ಟನ್ ಸೆಲ್ಟಿಕ್ಸ್ 41 ಗೆದ್ದು 14 ಮಾತ್ರ ಸೋತು ತನ್ನ ವಿಭಾಗದ ತುತ್ತತುದಿಯಲ್ಲಿತ್ತು. ಅಂದು ಸೆಂಟರ್ ಕೆಂಡ್ರಿಕ್ ಪರ್ಕಿನ್ಸ್ ಅವರನ್ನು ಒಕ್ಲಹೋಮ ಸಿಟಿಗೆ ಕೊಟ್ಟು ಜೆಫ್ ಗ್ರೀನ್ ಮುಂತಾದವರನ್ನು ತಂದಿತು. ಪರ್ಕಿನ್ಸ್ ಹೆಚ್ಚು ಅಂಕ ಗಳಿಸುವವರಲ್ಲ. ಜೊತೆಗಾರರಿಗೆ ಸ್ಕ್ರೀನ್ ಹಾಕುವುದು, ಬುಟ್ಟಿಯ ಕೆಳಗೆ ಗೋಡೆಯಂತೆ ನಿಲ್ಲುವುದು, ಎದುರಾಳಿಯ ದೊಡ್ಡ ಆಳಿನ ಪೆಟ್ಟು ತಾವು ತಿಂದು ಕೆವಿನ್ ಗಾರ್ನೆಟ್ ಅವರನ್ನು ಉಳಿಸುವುದು ಅವರ ಕೆಲಸ. ರೊಂಡೊ, ಆಲನ್, ಪಿಯರ್ಸ್, ಗಾರ್ನೆಟ್, ಪರ್ಕಿನ್ಸ್ ಎಂಬ ಆ ಐವರು 2008ರಲ್ಲಿ ಪ್ರಶಸ್ತಿ ಗೆದ್ದಿದ್ದರು. ಮೊಣಕಾಲು ಪೆಟ್ಟಾಗಿ ಪರ್ಕಿನ್ಸ್ ಹೊರಗುಳಿದ 2010ರ ಫೈನಲ್‌ನ ಏಳನೇ ಪಂದ್ಯದಲ್ಲಿ ಬೋಸ್ಟನ್ ಸೋತಿತ್ತು. ಆ ಸೋಲು ಅಷ್ಟು ಹೇಳಿಕೊಟ್ಟರೂ ಅವರನ್ನು ಬಿಟ್ಟುಕೊಟ್ಟರು. ಉಳಿದ 27 ಪಂದ್ಯಗಳಲ್ಲಿ ತಂಡ 15 ಗೆದ್ದು 12 ಸೋತಿತು. ಎರಡನೇ ಸುತ್ತಿನಲ್ಲಿ ಮಯಾಮಿ ಎದುರು 1–4ರಿಂದ ಹೊರಬಿತ್ತು. ವಯಸ್ಸು, ಗಾಯಗಳಂಥ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಒಟ್ಟಿಗೆ ಗೆದ್ದವರ ನಡುವಿನಿಂದ ಒಬ್ಬನನ್ನು ಎಬ್ಬಿಸಿದಾಗ ಉಳಿದ ನಾಲ್ವರ ಮನಸ್ಸಿನಲ್ಲಿ ಏನು ಮುರಿಯುತ್ತದೆ ಎಂಬುದನ್ನು ಆ ಬದಲಾವಣೆ ಮಾಡಿದವರು ತೂಗಿ ನೋಡಲಿಲ್ಲ.

ನಾಲ್ಕನೆಯದು ತೀರ ಇತ್ತೀಚಿನದು. 2024ರಲ್ಲಿ ಫೈನಲ್ ತಲುಪಿದ್ದ ಡಲ್ಲಾಸ್ ಮ್ಯಾವರಿಕ್ಸ್ 2025ರ ಫೆಬ್ರುವರಿ ಮೊದಲ ವಾರದಲ್ಲಿ ಲೂಕಾ ಡಾನ್ಸಿಚ್ ಅವರನ್ನು ಲೇಕರ್ಸ್‌ಗೆ ಕೊಟ್ಟು ಆಂಥೊನಿ ಡೇವಿಸ್ ಅವರನ್ನು ತಂದಿತು. ಆ ತಂಡದ ಪ್ರತಿ ದಾಳಿಯೂ ಡಾನ್ಸಿಚ್ ಕೈಯಿಂದ ಹೊರಡುತ್ತಿತ್ತು. ಉಳಿದವರ ಆಟವೆಲ್ಲ ಅವರ ಪಾಸ್‌ಗೆ ತಕ್ಕಂತೆ ರೂಪುಗೊಂಡಿತ್ತು. ಡೇವಿಸ್ ಬಂದ ಮೊದಲ ಪಂದ್ಯದಲ್ಲೇ ಗಾಯಗೊಂಡರು, ಮಾರ್ಚ್‌ನಲ್ಲಿ ಕೈರಿ ಇರ್ವಿಂಗ್ ಮೊಣಕಾಲಿಗೆ ಗಂಭೀರ ಗಾಯ ಮಾಡಿಕೊಂಡರು. ತಂಡ 39 ಗೆದ್ದು 43 ಸೋತು ಪ್ಲೇಆಫ್ ಮುಟ್ಟಲಿಲ್ಲ. ಜನ ಬೀದಿಗಿಳಿದು ಪ್ರತಿಭಟಿಸಿದರು. ಟ್ರೇಡ್ ಮಾಡಿದ ವ್ಯವಸ್ಥಾಪಕ ನಿಕೊ ಹ್ಯಾರಿಸನ್ ಅದೇ ವರ್ಷದ ನವೆಂಬರ್‌ನಲ್ಲಿ ಹುದ್ದೆ ಕಳೆದುಕೊಂಡರು. ಗಾಯಗಳು ದುರದೃಷ್ಟ, ಒಪ್ಪೋಣ. ಆದರೆ ಚೆಂಡು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಇದ್ದ ಉತ್ತರವನ್ನು ಸೀಸನ್ ನಡುವೆ ಅಳಿಸಿಹಾಕಿದ್ದು ದುರದೃಷ್ಟವಲ್ಲ, ನಿರ್ಧಾರ.

ಮುಂಬೈ ಕಂಡ ಎರಡು ತಂಡಗಳು

ಒಂದು ಟ್ರೇಡಿನಿಂದ ಎರಡೂ ತಂಡಗಳಿಗೆ ಒಳ್ಳೆಯದಾಗಲು ಸಾಧ್ಯವೇ? ಸಾಧ್ಯ. ಭಾರತದಲ್ಲಿ ಮೊದಲ ಸಲ ಎನ್‌ಬಿಎ ಪಂದ್ಯ ನಡೆದದ್ದು 2019ರ ಅಕ್ಟೋಬರ್ 4 ಮತ್ತು 5ರಂದು, ಮುಂಬೈಯಲ್ಲಿ. ಆಡಿದ್ದು ಮುಂಬೈಯಲ್ಲೇ ಹುಟ್ಟಿದ ವಿವೇಕ್ ರಣದಿವೆ ಒಡೆತನದ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್. ಅದೇ ಎರಡು ತಂಡಗಳು 2022ರ ಫೆಬ್ರುವರಿ 8ರಂದು ಆಟಗಾರರನ್ನು ಅದಲುಬದಲು ಮಾಡಿಕೊಂಡವು. ಸ್ಯಾಕ್ರಮೆಂಟೊ ಬಳಿ ಚೆಂಡು ನಡೆಸುವ ಗಾರ್ಡ್‌ಗಳು ಇಬ್ಬರಿದ್ದರು, ಡಿಆರನ್ ಫಾಕ್ಸ್ ಮತ್ತು ಟೈರಿಸ್ ಹ್ಯಾಲಿಬರ್ಟನ್. ಇಂಡಿಯಾನಾ ಬಳಿ ಎತ್ತರದವರು ಇಬ್ಬರಿದ್ದರು, ಡೊಮಾಂಟಾಸ್ ಸಬೋನಿಸ್ ಮತ್ತು ಮೈಲ್ಸ್ ಟರ್ನರ್. ಎರಡೂ ಕಡೆ ಒಂದೇ ಕೆಲಸಕ್ಕೆ ಇಬ್ಬರು, ಇನ್ನೊಂದು ಕೆಲಸಕ್ಕೆ ಕೊರತೆ. ಹ್ಯಾಲಿಬರ್ಟನ್ ಇಂಡಿಯಾನಾಕ್ಕೆ, ಸಬೋನಿಸ್ ಸ್ಯಾಕ್ರಮೆಂಟೊಗೆ ಹೋದರು.

ಆ ಸೀಸನ್‌ನಲ್ಲಿ ಇಬ್ಬರಿಗೂ ಲಾಭವಾಗಲಿಲ್ಲ. ಎರಡು ತಂಡಗಳೂ ಪ್ಲೇಆಫ್‌ನಿಂದ ಹೊರಗುಳಿದವು. ಬೇಸಿಗೆಯ ಬಿಡುವು ಬಂತು, ಅಭ್ಯಾಸ ಶಿಬಿರ ನಡೆಯಿತು. 2023ರಲ್ಲಿ ಸ್ಯಾಕ್ರಮೆಂಟೊ 48 ಪಂದ್ಯ ಗೆದ್ದು 16 ಸೀಸನ್‌ಗಳ ಬಳಿಕ ಪ್ಲೇಆಫ್ ಸೇರಿತು. 2025ರಲ್ಲಿ ಇಂಡಿಯಾನಾ ಫೈನಲ್ ತಲುಪಿ, ಏಳನೇ ಪಂದ್ಯದವರೆಗೆ ಹೋರಾಡಿ, ಹ್ಯಾಲಿಬರ್ಟನ್ ಗಾಯಗೊಂಡ ರಾತ್ರಿ ಒಕ್ಲಹೋಮ ಸಿಟಿಗೆ ಸೋತಿತು. ಜಾಗ ಸರಿಯಾಗಿದ್ದರೂ ಹೊಂದಾಣಿಕೆ ಬೆಳೆಯಲು ಬಿಡುವು ಬೇಕಾಯಿತು ಎಂಬುದನ್ನು ದಯವಿಟ್ಟು ಗಮನಿಸಿ.

ಊರು ಬಿಡುವ ನೋವು

ಇಲ್ಲಿಯವರೆಗೆ ಗೆಲುವು ಸೋಲಿನ ಲೆಕ್ಕ ಹೇಳಿದೆ. ಆಟಗಾರನ ಬದುಕಿನ ಲೆಕ್ಕವನ್ನೂ ಹೇಳಬೇಕು. ಐಪಿಎಲ್‌ನಲ್ಲಿ ಟ್ರೇಡ್ ಆಗಲು ಆಟಗಾರನ ಒಪ್ಪಿಗೆ ಬೇಕು. ಎನ್‌ಬಿಎಯಲ್ಲಿ ಕೆಲವೇ ಕೆಲವರನ್ನು ಬಿಟ್ಟರೆ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಫೋನ್ ಬರುತ್ತದೆ, ಒಂದೆರಡು ದಿನದಲ್ಲಿ ಬೇರೆ ನಗರದಲ್ಲಿರಬೇಕು. ಹೆಂಡತಿ ಮಕ್ಕಳು ಹಿಂದೆ ಉಳಿಯುತ್ತಾರೆ, ಮಕ್ಕಳ ಶಾಲೆ ಅರ್ಧದಲ್ಲಿರುತ್ತದೆ. ಕೋಟಿಗಟ್ಟಲೆ ಸಂಬಳವಿದೆಯಲ್ಲ ಎಂದು ನಾವು ಹೇಳಬಹುದು. ಆದರೆ ಮೊನ್ನೆವರೆಗೆ ಇದು ನನ್ನ ಮನೆ ಎಂದುಕೊಂಡಿದ್ದ ಜಾಗ ನನ್ನನ್ನು ಬೇಡ ಎಂದಿತು ಎಂಬ ನೋವಿಗೆ ಸಂಬಳ ಮದ್ದಲ್ಲ.

ಈ ಮಾತು ಈ ಊರಿಗೆ ಅರ್ಥವಾದಷ್ಟು ಬೇರೆ ಊರಿಗೆ ಅರ್ಥವಾಗದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೆಲಸದ ಜೊತೆ ಕೆಲಸದ ಜೊತೆಗಾರರೂ ಚದುರಿದರು. ಇಂದಿಗೂ ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಬೆಳಗಿನ ಜಾವ ಹತ್ತಿ ರಾತ್ರಿ ಮರಳುವ ನಮ್ಮವರು ಪ್ರತಿದಿನ ಹೊಸ ತಂಡದಲ್ಲಿ ತಮ್ಮ ಜಾಗ ಹುಡುಕುತ್ತಿದ್ದಾರೆ. ಕೈಕಸುಬು ಜೊತೆಯಲ್ಲಿ ಹೋಗುತ್ತದೆ, ಪಕ್ಕದವನ ಮೇಲಿನ ನಂಬಿಕೆಯನ್ನು ಹೋದಲ್ಲಿ ಮೊದಲಿನಿಂದ ಕಟ್ಟಬೇಕು. ಅದಕ್ಕೆ ಸಮಯ ಕೊಡುವ ಯಜಮಾನ ಸಿಕ್ಕರೆ ಬದುಕು ನಿಲ್ಲುತ್ತದೆ.

ನಮ್ಮ ರಾಜ್ಯದ ಬಾಸ್ಕೆಟ್‌ಬಾಲ್‌ನಲ್ಲಿ ಎನ್‌ಬಿಎ ರೀತಿಯ ಟ್ರೇಡ್ ಇಲ್ಲ. ಇಲ್ಲಿ ತಂಡ ಎಂದರೆ ಬಹುಮಟ್ಟಿಗೆ ಕ್ಲಬ್ಬು, ಕಾಲೇಜು ಅಥವಾ ನೌಕರಿ ಕೊಟ್ಟ ಸಂಸ್ಥೆ. ನೌಕರಿ ಬದಲಾದರೆ ತಂಡ ಬದಲಾಗುತ್ತದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕ್ ಬೆಂಗಳೂರಿನ ಅಂಕಣಗಳಲ್ಲಿ ಹೆಸರು ಮಾಡಿದ ಬಾಸ್ಕೆಟ್‌ಬಾಲ್ ತಂಡ ಕಟ್ಟಿತ್ತು. 2019ರ ಏಪ್ರಿಲ್ 1ರಂದು ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು, ಆ ಹೆಸರೇ ಇಲ್ಲವಾಯಿತು. ಆಟಗಾರರು ಕೇಳದ, ಆಟಕ್ಕೆ ಸಂಬಂಧವಿಲ್ಲದ ಬದಲಾವಣೆಗಳೂ ತಂಡದ ಮೇಲೆ ಬಂದು ಬೀಳುತ್ತವೆ ಎನ್ನುವುದಕ್ಕೆ ಇದು ನಮ್ಮದೇ ಉದಾಹರಣೆ.

ಒಟ್ಟಿಗೆ ಉಳಿದವರು ಏನು ಮಾಡಬಲ್ಲರು ಎಂಬುದನ್ನೂ ನಮ್ಮ ನೆಲವೇ ಕಂಡಿದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಅನಿತಾ ಪಾಲ್‌ದೊರೈ ನಾಯಕತ್ವದ ಭಾರತ ತಂಡ ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೇರಿತು. ಬೇರೆ ಬೇರೆ ರಾಜ್ಯ, ಬೇರೆ ಬೇರೆ ಮಾತು, ಬೇರೆ ಬೇರೆ ನೌಕರಿಯ ಆ ಹೆಣ್ಣುಮಕ್ಕಳು ಎರಡೇ ಅಂಕದ ಅಂತರದಲ್ಲಿ ಗೆದ್ದರು. ಅಷ್ಟು ಬಿಗಿಯಾದ ಪಂದ್ಯ ಗೆಲ್ಲುವುದು ಒಬ್ಬರ ಪ್ರತಿಭೆಯಿಂದ ಆಗುವ ಕೆಲಸವಲ್ಲ.

ನಮ್ಮ ಅಂಕಣಗಳಿಗೆ

ದೈಹಿಕ ಶಿಕ್ಷಕ ಮಿತ್ರರೇ, ನಮ್ಮ ಮಟ್ಟದಲ್ಲಿಯೂ ನಡುಹಾದಿಯ ಬದಲಾವಣೆ ಇದ್ದೇ ಇದೆ. ತಾಲ್ಲೂಕು ಗೆದ್ದ ತಂಡಕ್ಕೆ ಹೊಸದಾಗಿ ದಾಖಲಾದ ಎತ್ತರದ ಹುಡುಗನನ್ನು ಸೇರಿಸುತ್ತೇವೆ. ರಾಜ್ಯ ತಂಡದ ಆಯ್ಕೆಯಾದಾಗ ನಿನ್ನೆ ಎದುರಾಳಿಗಳಾಗಿದ್ದ ಬೇರೆ ಬೇರೆ ಶಾಲೆಯ ಮಕ್ಕಳು ಇಂದು ಒಂದೇ ತಂಡವಾಗುತ್ತಾರೆ. ಹಾಗಾಗಿ ನಾಲ್ಕು ಮಾತು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಯಾರನ್ನಾದರೂ ಕೈಬಿಡುವ ಮೊದಲು ಆ ಮಗು ಅಂಕ ಗಳಿಸುವುದನ್ನು ಬಿಟ್ಟು ತಂಡಕ್ಕೆ ಏನೇನು ಮಾಡುತ್ತಿದೆ ಎಂದು ಕೂತು ಬರೆಯಿರಿ. ಸ್ಕ್ರೀನ್ ಹಾಕುವುದು, ಕೂಗಿ ಹೇಳುವುದು, ಬಿದ್ದವನನ್ನು ಎಬ್ಬಿಸುವುದು, ಅಳುವವನನ್ನು ನಗಿಸುವುದು, ಇವೂ ಆ ಪಟ್ಟಿಯಲ್ಲಿರಲಿ. ಆ ಕೆಲಸಗಳನ್ನು ನಾಳೆ ಯಾರು ಮಾಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಬದಲಾವಣೆ ಮಾಡಬೇಡಿ.

ಎರಡನೆಯದು, ಹೊಸಬನಿಗೆ ಮೊದಲ ವಾರ ಎರಡೇ ಕೆಲಸ ಕೊಡಿ. ರಕ್ಷಣೆಯಲ್ಲಿ ಒಂದು, ದಾಳಿಯಲ್ಲಿ ಒಂದು. ದಾಳಿಯ ಚಲನೆಗಳಿಗಿಂತ ಮೊದಲು ತಂಡದ ಕೂಗುಗಳನ್ನು ಕಲಿಸಿ. ಚೆಂಡು ನಡೆಸುವವನನ್ನು ಮಾತ್ರ ಟೂರ್ನಿಯ ನಡುವೆ ಬದಲಿಸಲು ಹೋಗಬೇಡಿ.

ಮೂರನೆಯದು, ಹೊರಗುಳಿಯುವ ಮಗುವಿಗೆ ವಿಷಯವನ್ನು ನೀವೇ, ಎದುರು ಕೂರಿಸಿಕೊಂಡು, ಕಾರಣ ಸಹಿತ ಹೇಳಿ. ನೋಟಿಸ್ ಬೋರ್ಡಿನಲ್ಲಿ ಹೆಸರು ಕಾಣದೆ ಅದು ಊಹಿಸಿಕೊಳ್ಳುವಂತೆ ಮಾಡಬೇಡಿ. ನೀವು ಆ ಒಬ್ಬನೊಂದಿಗೆ ಹೇಗೆ ನಡೆದುಕೊಂಡಿರಿ ಎಂಬುದನ್ನು ಉಳಿದ ಮಕ್ಕಳೆಲ್ಲ ನೋಡುತ್ತಿರುತ್ತಾರೆ. ನಾಳೆ ನನ್ನ ಸರದಿ ಬಂದರೂ ಸಾರ್ ನನಗೆ ಹೇಳಿಯೇ ಮಾಡುತ್ತಾರೆ ಎಂದು ಅವರಿಗೆ ಅನ್ನಿಸಿದರೆ ಅವರು ನಿರ್ಭಯವಾಗಿ ಆಡುತ್ತಾರೆ.

ನಾಲ್ಕನೆಯದು, ಬದಲಾವಣೆ ಮಾಡಿದ ಮೇಲೆ ಸೋಲಿಗೆ ಹೆದರಿ ಮತ್ತೆ ಮತ್ತೆ ಕಲಕಬೇಡಿ. 17 ಗೆದ್ದು 18 ಸೋತ ಹ್ಯೂಸ್ಟನ್ ಆ ಜೂನ್‌ನಲ್ಲಿ ಚಾಂಪಿಯನ್ ಆದದ್ದನ್ನು ನೆನಪಿಟ್ಟುಕೊಳ್ಳಿ.

ಜಿಲ್ಲೆಯ ಆಯ್ಕೆದಾರರಲ್ಲಿ ಮತ್ತು ದತ್ತಿ ದಾನಿಗಳಂಥ ಉದಾರಿಗಳಲ್ಲಿ ನನ್ನದೊಂದು ಬೇಡಿಕೆ. ಆಯ್ಕೆಯಾದ ತಂಡಗಳಿಗೆ ಹೊಸ ಜರ್ಸಿ, ಶೂ ಕೊಡಿಸಲು ಅನೇಕರು ಮುಂದೆ ಬರುತ್ತೀರಿ. ಅದಕ್ಕೆ ಕೃತಜ್ಞತೆ. ಅದರ ಜೊತೆಗೆ, ಅಪರಿಚಿತ ಮಕ್ಕಳು ಒಂದೇ ಸೂರಿನಡಿ ಉಂಡು, ಮಲಗಿ, ಬೆಳಿಗ್ಗೆ ಸಂಜೆ ಒಟ್ಟಿಗೆ ಅಭ್ಯಾಸ ಮಾಡಲು ಹತ್ತು ದಿನದ ಶಿಬಿರ ಕೊಡಿಸಿ. ಅಂಕಣ ನಮ್ಮ ಊರುಗಳಲ್ಲಿದೆ, ಕಲಿಸುವವರು ಈ ಸಭೆಯಲ್ಲೇ ಇದ್ದಾರೆ, ಊಟ ಮತ್ತು ವಸತಿಯ ಖರ್ಚಷ್ಟೇ ಬೇಕು. ಒಳ್ಳೆಯ ಆಟಗಾರರು ಕೋಲಾರ ಜಿಲ್ಲೆಯಲ್ಲಿ ಹುಟ್ಟುತ್ತಲೇ ಇದ್ದಾರೆ. ಅವರು ಒಳ್ಳೆಯ ತಂಡವಾಗಲು ಬೇಕಾದ ದಿನಗಳನ್ನು ಕೊಡುವುದು ನಮ್ಮ ಕೈಯಲ್ಲಿದೆ, ಮುಂದಿನ ಸೀಸನ್ ಶುರುವಾಗುವ ಮೊದಲೇ ಕೊಡೋಣ.